ಮಗುವಿನ ತಲೆ ಚಪ್ಪಟೆಯಾಗಿದೆಯೇ? ಮನೆಯಲ್ಲಿ ಏನು ಮಾಡಬೇಕು, ವೈದ್ಯರಿಗೆ ಯಾವಾಗ ತೋರಿಸಬೇಕು

ಹಸುಗೂಸುಗಳ ವಿಷಯದಲ್ಲಿ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: "ಮಗುವಿಗೆ ಎರಡು ತಿಂಗಳು. ತಲೆಯ ಹಿಂಭಾಗ ಒಂದು ಕಡೆ ಚಪ್ಪಟೆಯಾಗಿದೆ. ಬುದ್ಧಿಗೆ ತೊಂದರೆಯಾಗುತ್ತದೆಯೇ?" ಅದರ ಬೆನ್ನಿಗೇ ಇನ್ನೂ ಮೂರು ಪ್ರಶ್ನೆಗಳು ಬರುತ್ತವೆ. ಎಣ್ಣೆ ಹಚ್ಚಿ ಒತ್ತಿದರೆ ಸರಿಹೋಗುತ್ತದೆಯೇ? ಸಾಸಿವೆ ದಿಂಬು ಹಾಕಬಹುದೇ? ತಲೆಯ ಆಕಾರ ತಿದ್ದುವ ಹೆಲ್ಮೆಟ್ ತೊಡಿಸಲೇಬೇಕೇ? ಎಲ್ಲಕ್ಕೂ ಸೇರಿಸಿ, ಮಾಡಬೇಕಾದ ಕ್ರಮದಲ್ಲೇ ಉತ್ತರ ಬರೆಯುತ್ತಿದ್ದೇನೆ.

ಮೊದಲು ಸಮಾಧಾನದ ಮಾತು. ಮಲಗುವ ಭಂಗಿಯಿಂದ ತಲೆ ಚಪ್ಪಟೆಯಾದರೆ ಒಳಗಿನ ಮೆದುಳಿನ ಮೇಲೆ ಒತ್ತಡ ಬೀಳುವುದಿಲ್ಲ, ಅದರ ಬೆಳವಣಿಗೆಗೆ ಜಾಗ ಕಡಿಮೆಯಾಗುವುದೂ ಇಲ್ಲ. ಬಹುಪಾಲು ಮಕ್ಕಳಲ್ಲಿ ಆಕಾರ ಸುಧಾರಿಸುತ್ತದೆ. ಹಾಗೆಂದು "ತಾನಾಗಿಯೇ ಸರಿಹೋಗುತ್ತದೆ, ಸುಮ್ಮನಿರಿ" ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೊದಲ ಆರು ತಿಂಗಳಲ್ಲಿ ಮನೆಯವರು ಮಾಡಬಹುದಾದದ್ದು ಬಹಳಷ್ಟಿದೆ. ಅದರಲ್ಲಿ ಹೆಚ್ಚಿನದು ತಲೆಗೆ ಸಂಬಂಧಿಸಿದ್ದಲ್ಲ, ಕತ್ತಿಗೆ ಸಂಬಂಧಿಸಿದ್ದು.

ಹೀಗೇಕೆ ಆಗುತ್ತದೆ?

ಹುಟ್ಟಿದ ಮಗುವಿನ ತಲೆಬುರುಡೆ ಒಂದೇ ಗಟ್ಟಿ ಮೂಳೆಯಲ್ಲ. ತೆಳುವಾದ ಹಲವು ಮೂಳೆಗಳು, ಅವುಗಳ ನಡುವೆ ಮೆತ್ತನೆಯ ಸಂದುಗಳು ಇರುತ್ತವೆ. ಒಳಗೆ ಮೆದುಳು ಬೆಳೆದಂತೆ ಈ ಮೂಳೆಗಳು ಹೊರಕ್ಕೆ ಸರಿದು ತಲೆ ದೊಡ್ಡದಾಗುತ್ತದೆ. ದಿನವಿಡೀ ಒಂದೇ ಜಾಗ ಹಾಸಿಗೆಗೆ ತಾಗಿದ್ದರೆ ಅಲ್ಲಿ ಬೆಳವಣಿಗೆಗೆ ತಡೆ ಬೀಳುತ್ತದೆ, ಉಳಿದ ಕಡೆ ತಲೆ ಬೆಳೆಯುತ್ತ ಹೋಗುತ್ತದೆ. ಒಂದು ಬದಿ ಮಾತ್ರ ಚಪ್ಪಟೆಯಾದರೆ ವೈದ್ಯರು ಚೀಟಿಯಲ್ಲಿ "ಪೊಸಿಷನಲ್ ಪ್ಲೇಜಿಯೊಸೆಫಲಿ" ಎಂದು ಬರೆಯುತ್ತಾರೆ, ಅಂದರೆ ಭಂಗಿಯಿಂದ ಓರೆಯಾದ ತಲೆ. ಹಿಂಭಾಗ ಪೂರ್ತಿ ಚಪ್ಪಟೆಯಾಗಿ ತಲೆ ಅಗಲವಾಗಿ ಕಂಡರೆ ಅದು "ಬ್ರೇಕಿಸೆಫಲಿ".

ಹುಟ್ಟಿದಾಗ ಸುಮಾರು 35 ಸೆಂ.ಮೀ. ಇರುವ ತಲೆಯ ಸುತ್ತಳತೆ ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ. ಹೆಚ್ಚುತ್ತದೆ. ಮುಂದಿನ ಮೂರು ತಿಂಗಳು ತಿಂಗಳಿಗೆ 1 ಸೆಂ.ಮೀ., ಆಮೇಲೆ ವರ್ಷ ತುಂಬುವವರೆಗೆ ಅರ್ಧ ಸೆಂ.ಮೀ. ಮಾತ್ರ. ತಲೆ ವೇಗವಾಗಿ ಬೆಳೆಯುವ ಕಾಲದಲ್ಲೇ ಅದು ಕೆಡುವುದು, ಸರಿಹೋಗುವುದೂ ಆ ಕಾಲದಲ್ಲೇ ಸುಲಭ. ಆರು ತಿಂಗಳ ಗಡುವನ್ನು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಮೊದಲ ಮಗು, ಗಂಡುಮಗು, ಅವಳಿ, ಅವಧಿಗೆ ಮುನ್ನ ಹುಟ್ಟಿದ ಮಗು, ಇಕ್ಕಳ ಅಥವಾ ನಿರ್ವಾತ ಸಾಧನದ ನೆರವಿನಿಂದ ಹೆರಿಗೆಯಾದ ಮಗು: ಇವರಲ್ಲಿ ಈ ತೊಂದರೆ ಹೆಚ್ಚು. ಕೆನಡಾದ ಕ್ಯಾಲ್ಗರಿಯಲ್ಲಿ 7ರಿಂದ 12 ವಾರದ 440 ಮಕ್ಕಳನ್ನು ಪರೀಕ್ಷಿಸಿದಾಗ ಶೇ. 46.6 ಮಕ್ಕಳ ತಲೆ ಒಂದಿಷ್ಟಾದರೂ ಓರೆಯಾಗಿತ್ತು. ಅವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಕ್ಕಳದು ಸೌಮ್ಯ ಸ್ವರೂಪದ್ದು. ಇಷ್ಟು ಸಾಮಾನ್ಯವಾದ ಸಂಗತಿಗೆ "ನೀನು ಮಗುವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂದು ಬಾಣಂತಿಯನ್ನು ದೂರುವುದು ಅನ್ಯಾಯ. ಮನೆಯ ಹಿರಿಯರು ಇದನ್ನು ದಯವಿಟ್ಟು ಗಮನಿಸಬೇಕು.

ಹಂತ 1: ತಲೆಯನ್ನು ಮೇಲಿನಿಂದ ನೋಡಿ, ಚಿತ್ರ ತೆಗೆದಿಡಿ

ಮಗುವಿಗೆ ನೀರು ಎರೆದ ತಕ್ಷಣ, ಕೂದಲು ಒದ್ದೆಯಾಗಿ ಅಂಟಿಕೊಂಡಿರುವಾಗ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಒಬ್ಬರು ಮಗುವನ್ನು ತೊಡೆಯ ಮೇಲೆ ಕತ್ತು ಆನಿಸಿ ಕೂರಿಸಿಕೊಳ್ಳಲಿ. ಇನ್ನೊಬ್ಬರು ನೇರ ಮೇಲಿನಿಂದ, ಮೂಗಿನ ತುದಿ ಮತ್ತು ಎರಡೂ ಕಿವಿ ಕಾಣುವಂತೆ ಮೊಬೈಲ್‌ನಲ್ಲಿ ಚಿತ್ರ ತೆಗೆಯಲಿ.

ಭಂಗಿಯಿಂದಾದ ಓರೆಯಲ್ಲಿ ಚಪ್ಪಟೆ ಬದಿಯ ಕಿವಿ ಮುಂದಕ್ಕೆ ಸರಿದಿರುತ್ತದೆ, ಅದೇ ಬದಿಯ ಹಣೆಯೂ ತುಸು ಮುಂದೆ ಬಂದಿರುತ್ತದೆ. ಒಂದು ಮೂಲೆ ಹಿಡಿದು ತಳ್ಳಿದ ಖಾಲಿ ಬೆಂಕಿಪೊಟ್ಟಣದಂತೆ ಇಡೀ ತಲೆ ಓರೆಗೊಂಡಿರುತ್ತದೆ. ಈ ಗುರುತನ್ನು ನೆನಪಿಡಿ, ಮುಂದಿನ ಹಂತದಲ್ಲಿ ಬೇಕಾಗುತ್ತದೆ.

ಹೆರಿಗೆಯಲ್ಲಿ ಒತ್ತಿಕೊಂಡು ಉದ್ದವಾದ ತಲೆ ಬೇರೆ ಸಂಗತಿ. ಅದು ಸಾಮಾನ್ಯವಾಗಿ ಕೆಲವು ದಿನಗಳಿಂದ ಆರು ವಾರದೊಳಗೆ ತಾನಾಗಿಯೇ ಸರಿಹೋಗುತ್ತದೆ. ಭಂಗಿಯ ಚಪ್ಪಟೆ ಹೆಚ್ಚಾಗಿ ಹುಟ್ಟಿದ ಕೆಲವು ವಾರಗಳ ನಂತರ ಕಾಣಿಸಿಕೊಂಡು, ನಾಲ್ಕು ತಿಂಗಳ ಸುಮಾರಿಗೆ ಎದ್ದು ಕಾಣುತ್ತದೆ.

ಹಂತ 2: ಸಂದು ಬೇಗ ಮುಚ್ಚಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ

ಈ ಹಂತವನ್ನು ಯಾರೂ ಬಿಡಬಾರದು. ತಲೆಬುರುಡೆಯ ಸಂದು ಅವಧಿಗೆ ಮುನ್ನವೇ ಬೆಸೆದುಕೊಂಡರೂ ತಲೆ ಓರೆಯಾಗುತ್ತದೆ. ಇದಕ್ಕೆ "ಕ್ರೇನಿಯೋಸಿನೋಸ್ಟೋಸಿಸ್" ಎನ್ನುತ್ತಾರೆ. ಸುಮಾರು 2,000ದಿಂದ 2,500 ಮಕ್ಕಳಿಗೆ ಒಬ್ಬರಲ್ಲಿ ಕಾಣುವ ಈ ಸ್ಥಿತಿಗೆ ಮಗ್ಗುಲು ಬದಲಿಸುವುದರಿಂದ ಪ್ರಯೋಜನವಿಲ್ಲ, ಹೆಚ್ಚಿನ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕೆಳಗಿನ ಯಾವುದೇ ಒಂದು ಕಂಡರೂ ಮುಂದಿನ ಲಸಿಕೆಯ ದಿನದವರೆಗೆ ಕಾಯಬೇಡಿ:

- ಹುಟ್ಟಿದಾಗಲೇ ಇದ್ದ ವಿಚಿತ್ರ ಆಕಾರ ಆರು ವಾರ ಕಳೆದರೂ ಬದಲಾಗಿಲ್ಲ
- ಬೆರಳಾಡಿಸಿದರೆ ಮೂಳೆಗಳ ಸಂದಿನ ಉದ್ದಕ್ಕೂ ಗಟ್ಟಿಯಾದ ಏರು ತಾಗುತ್ತದೆ
- ಚಪ್ಪಟೆ ಬದಿಯ ಕಿವಿ ಮುಂದೆ ಬರುವ ಬದಲು ಹಿಂದಕ್ಕೆ, ಕೆಳಕ್ಕೆ ಎಳೆದಂತಿದೆ
- ನೆತ್ತಿಯ ಮೆದು ಭಾಗ ಮೊದಲ ಕೆಲವು ತಿಂಗಳಲ್ಲೇ ಮುಚ್ಚಿದೆ ಅಥವಾ ಸದಾ ಉಬ್ಬಿಕೊಂಡಿದೆ
- ತಲೆಯ ಸುತ್ತಳತೆ ಹೆಚ್ಚುತ್ತಿಲ್ಲ

ನೆತ್ತಿ ಸಾಮಾನ್ಯವಾಗಿ ಮುಚ್ಚುವುದು ವರ್ಷದಿಂದ ಒಂದೂವರೆ ವರ್ಷದ ನಡುವೆ, ಕೆಲವರಲ್ಲಿ ತುಸು ಮೊದಲೇ. ಅನುಭವವಿರುವ ಮಕ್ಕಳ ವೈದ್ಯರು ಕೈಯಿಂದ ಮುಟ್ಟಿ, ಕಣ್ಣಿನಿಂದ ನೋಡಿಯೇ ಬಹುತೇಕ ಮಕ್ಕಳಲ್ಲಿ ವ್ಯತ್ಯಾಸ ಹೇಳಬಲ್ಲರು. ಹಾಗಾಗಿ ಎಲ್ಲರಿಗೂ ಸಿ.ಟಿ. ಸ್ಕ್ಯಾನ್ ಬೇಕಿಲ್ಲ. ಸಂಶಯ ಉಳಿದರೆ ಮಾತ್ರ ಮಕ್ಕಳ ನರಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ತಡಮಾಡಬಾರದು ಎನ್ನಲು ಕಾರಣವಿದೆ. ತೆಳು ಕೊಳವೆಯ ಕ್ಯಾಮೆರಾ ಬಳಸಿ ಚಿಕ್ಕ ಗಾಯದಲ್ಲಿ ಮುಗಿಸುವ ಎಂಡೋಸ್ಕೋಪ್ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲಿ ಮಾತ್ರ ಮಾಡುತ್ತಾರೆ.

ಹಂತ 3: ಕತ್ತು ಎರಡೂ ಕಡೆ ತಿರುಗುತ್ತದೆಯೇ?

ನನ್ನ ದೃಷ್ಟಿಯಲ್ಲಿ ಇಡೀ ಲೇಖನದ ಮುಖ್ಯ ಭಾಗ ಇದು, ಏಕೆಂದರೆ ಮನೆಗಳಲ್ಲಿ ಹೆಚ್ಚು ಕಡೆಗಣನೆಗೆ ಒಳಗಾಗುವುದೂ ಇದೇ. ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ಕತ್ತಿನ ಸ್ನಾಯು ಒಂದು ಬದಿಯಲ್ಲಿ ಬಿಗಿಯಾಗಿದ್ದರೆ ಮಗು ಒಂದೇ ಕಡೆ ಮುಖ ಮಾಡಿ ಮಲಗುತ್ತದೆ. ಈ ಬಿಗಿತಕ್ಕೆ "ಟಾರ್ಟಿಕೊಲಿಸ್" ಎಂದು ಹೆಸರು. ಇದು ಗೊತ್ತಾಗದೆ ತೊಟ್ಟಿಲನ್ನು ಎಷ್ಟು ತಿರುಗಿಸಿದರೂ ಮಗು ಹಳೆಯ ಬದಿಗೇ ಮರಳುತ್ತದೆ.

ಪರೀಕ್ಷೆ ಸುಲಭ. ಮಗು ಹೊಟ್ಟೆ ತುಂಬಿ, ಎಚ್ಚರವಾಗಿ, ಖುಷಿಯಾಗಿರುವಾಗ ಅಂಗಾತ ಮಲಗಿಸಿ. ಗಿಲಕಿ ಅಲ್ಲಾಡಿಸುತ್ತ ಅಥವಾ ಮಾತಾಡಿಸುತ್ತ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ಸರಿಯಿರಿ. ಎರಡು-ಮೂರು ತಿಂಗಳ ಮಗು ಎರಡೂ ಕಡೆ ಸರಿಸಮವಾಗಿ, ಗಲ್ಲ (ಗದ್ದ) ಹೆಚ್ಚುಕಡಿಮೆ ಭುಜದ ನೇರಕ್ಕೆ ಬರುವಷ್ಟು ತಿರುಗಬೇಕು. ಒಂದು ಕಡೆ ಅರ್ಧಕ್ಕೇ ನಿಲ್ಲುತ್ತದೆಯೇ? ತಲೆ ಒಂದು ಭುಜದತ್ತ ವಾಲಿ ಗಲ್ಲ ಇನ್ನೊಂದು ಕಡೆ ನೋಡುತ್ತದೆಯೇ? ಒಂದೇ ಬದಿಯ ಮೊಲೆ ಹಿಡಿದು, ಇನ್ನೊಂದಕ್ಕೆ ಹಾಕಿದರೆ ಅಳುತ್ತದೆಯೇ? ಕತ್ತಿನ ಬದಿಯಲ್ಲಿ ಸಣ್ಣ ಗಂಟು ಸಿಗುತ್ತದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದಾದರೂ ಮಕ್ಕಳ ವೈದ್ಯರಿಗೆ ತೋರಿಸಿ, ಶಿಶುಗಳೊಂದಿಗೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್ ಹೆಸರು ಕೇಳಿ.

ಫಿಸಿಯೋಥೆರಪಿಯಿಂದ ಗುಣ ಸಿಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳು ವಾರಕ್ಕೆ ಒಂದೇ ಕಡೆ ತಿರುಗುವ ಅಭ್ಯಾಸವಿದ್ದ 65 ಮಕ್ಕಳನ್ನು ಎರಡು ಗುಂಪು ಮಾಡಿದ್ದರು. ಆರು ತಿಂಗಳ ಹೊತ್ತಿಗೆ, ಫಿಸಿಯೋಥೆರಪಿ ಪಡೆದವರಲ್ಲಿ ತೀವ್ರ ಓರೆ ಉಳಿದದ್ದು ಶೇ. 30 ಮಕ್ಕಳಲ್ಲಿ, ಸಾಮಾನ್ಯ ಆರೈಕೆ ಪಡೆದವರಲ್ಲಿ ಶೇ. 56 ಮಕ್ಕಳಲ್ಲಿ.

ಎಚ್ಚರಿಕೆ: ಕತ್ತನ್ನು ಎಳೆಯುವ ವ್ಯಾಯಾಮವನ್ನು ವೀಡಿಯೊ ನೋಡಿ ಕಲಿಯಬೇಡಿ. ಎದುರಿಗೆ ಕುಳಿತು ನಿಮ್ಮ ಕೈಯಿಂದಲೇ ಮಾಡಿಸಿ ತೋರಿಸುವವರಿಂದ ಕಲಿಯಿರಿ. ನೀರು ಎರೆಯುವಾಗ ಮಗುವಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತುವ, ಝಾಡಿಸುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಅದನ್ನು ಪೂರ್ತಿ ನಿಲ್ಲಿಸಬೇಕು.

ಹಂತ 4: ನಿದ್ದೆ ಅಂಗಾತವೇ, ಮುಖ ಮಾತ್ರ ಬೇರೆ ಬೇರೆ ಕಡೆ

ತಲೆ ಚಪ್ಪಟೆಯಾಯಿತೆಂದು ಮಗುವನ್ನು ಬೋರಲು ಅಥವಾ ಮಗ್ಗುಲಾಗಿ ಮಲಗಿಸಿ ನಿದ್ದೆ ಮಾಡಿಸಬೇಡಿ. 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಶಿಶುಗಳನ್ನು ಬೋರಲು ಮಲಗಿಸಬಾರದೆಂದು ಸಲಹೆ ನೀಡಿತು, 1994ರಲ್ಲಿ ಅಲ್ಲಿ ದೊಡ್ಡ ಪ್ರಚಾರ ಆಂದೋಲನ ಆರಂಭವಾಯಿತು. ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಶಿಶುಗಳ ಪ್ರಮಾಣ ಮುಂದಿನ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಚಪ್ಪಟೆ ತಲೆಗಳು ಹೆಚ್ಚಿದ್ದೂ ಆ ಬಳಿಕವೇ. ತಲೆಯ ಆಕಾರಕ್ಕಾಗಿ ಜೀವವನ್ನು ಪಣಕ್ಕಿಡಲಾಗದು.

ಮಾಡಬೇಕಾದದ್ದು ಹೀಗೆ. ಮಗುವಿನ ತಲೆಯ ಬಲಭಾಗ ಚಪ್ಪಟೆಯಾಗಿದೆ ಎಂದುಕೊಳ್ಳಿ. ಅಂದರೆ ಅದಕ್ಕೆ ಬಲಕ್ಕೆ ತಿರುಗುವ ಅಭ್ಯಾಸವಿದೆ. ಮಕ್ಕಳು ಬೆಳಕಿನ ಕಡೆಗೆ, ಬಾಗಿಲಿನ ಕಡೆಗೆ, ತಾಯಿಯ ಕಡೆಗೆ ತಿರುಗುತ್ತಾರೆ. ಆದ್ದರಿಂದ ಇವೆಲ್ಲ ಮಗುವಿನ ಎಡಕ್ಕೆ ಬರುವಂತೆ ಮಲಗಿಸಿ. ತೊಟ್ಟಿಲು ಗೋಡೆಗೆ ಒತ್ತಿಕೊಂಡಿದ್ದರೆ ತಲೆ-ಕಾಲಿನ ದಿಕ್ಕು ಅದಲು ಬದಲು ಮಾಡಿದರೆ ಸಾಕು. ನೀವು ಮಲಗುವ ಜಾಗವನ್ನೂ ಮಗುವಿನ ಇನ್ನೊಂದು ಬದಿಗೆ ಬದಲಿಸಿಕೊಳ್ಳಿ. ಮಗುವಿಗೆ ಗಾಢ ನಿದ್ದೆ ಬಂದ ಮೇಲೆ ಮುಖವನ್ನು ಮೆಲ್ಲಗೆ ಎಡಕ್ಕೆ ಹೊರಳಿಸಬಹುದು. ಮತ್ತೆ ಬಲಕ್ಕೆ ತಿರುಗಿಕೊಂಡರೆ ರಾತ್ರಿಯಿಡೀ ಕಾಯುತ್ತ ಕೂರಬೇಡಿ, ನಿಮಗೂ ನಿದ್ದೆ ಬೇಕು. ಹಗಲಿನಲ್ಲಿ ಮಾಡುವ ಕೆಲಸಕ್ಕೆ ಹೆಚ್ಚು ಫಲವಿದೆ.

ಈಗ ದಿಂಬಿನ ಮಾತು. ಸಾಸಿವೆ ದಿಂಬು, ರಾಗಿ ದಿಂಬು, ನಡುವೆ ತೂತಿರುವ ಅಂಗಡಿಯ ದಿಂಬು, ಹಳೆಯ ಸೀರೆ ಸುತ್ತಿ ಮಾಡಿದ ಸಿಂಬಿ, ಯಾವುದೂ ಮಲಗಿರುವ ಮಗುವಿನ ತಲೆಯಡಿ ಬೇಡ. ದಿಂಬು ಸರಿದು ಮೂಗು ಮುಚ್ಚಬಹುದು, ಕತ್ತು ಮುಂದಕ್ಕೆ ಬಾಗಿ ಉಸಿರು ಕಟ್ಟಬಹುದು. ಹೊಲಿಗೆ ಬಿಚ್ಚಿದರೆ ಕಾಳು ಮೂಗಿಗೋ ಬಾಯಿಗೋ ಹೋಗುವ ಅಪಾಯ ಬೇರೆ. ತಲೆಯ ಆಕಾರ ತಿದ್ದುವ ದಿಂಬುಗಳನ್ನು ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರ ನವೆಂಬರ್‌ನಲ್ಲಿ ಪೋಷಕರಿಗೆ ಎಚ್ಚರಿಕೆ ನೀಡಿದೆ. "ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಕಿದ್ದೆವು, ಏನೂ ಆಗಲಿಲ್ಲ" ಎನ್ನುವ ಅಜ್ಜಿಯ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ, ಆದರೂ ದಿಂಬು ತೆಗೆದಿಡಿ. ಬಟ್ಟೆಯ ಜೋಲಿಯಲ್ಲಿ ಗಲ್ಲ ಎದೆಗೆ ತಾಗುವಂತೆ ಕತ್ತು ಮಡಚುತ್ತದೆ, ತಲೆ ಹೊರಳಿಸಲೂ ಜಾಗವಿರುವುದಿಲ್ಲ. ಮಗು ಮಲಗಬೇಕಾದದ್ದು ಸಮತಟ್ಟಾದ, ಗಟ್ಟಿಯಾದ ಹಾಸಿಗೆಯ ಮೇಲೆ.

ಹಂತ 5: ಎಚ್ಚರವಿದ್ದಾಗ ಬೋರಲು

ತಲೆಯ ಹಿಂಭಾಗಕ್ಕೆ ಬಿಡುವು, ಕತ್ತಿಗೆ ಬಲ, ಭುಜಕ್ಕೆ ಕೆಲಸ, ಮೂರೂ ಇದರಿಂದ ಒಟ್ಟಿಗೆ ಸಿಗುತ್ತವೆ. ಇನ್ನೂ ಓಡಾಡದ ಶಿಶುಗಳು ದಿನಕ್ಕೆ ಒಟ್ಟು ಕನಿಷ್ಠ 30 ನಿಮಿಷ, ಎಚ್ಚರವಿದ್ದಾಗ, ಬೋರಲು ಭಂಗಿಯಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದೇ ಬಾರಿಗಲ್ಲ, ದಿನವಿಡೀ ಹಂಚಿ.

ಆಸ್ಪತ್ರೆಯಿಂದ ಮನೆಗೆ ಬಂದ ದಿನಗಳಲ್ಲೇ ಆರಂಭಿಸಬಹುದು. ತಾಯಿ ಒರಗಿ ಕುಳಿತು ಮಗುವನ್ನು ಎದೆಯ ಮೇಲೆ ಬೋರಲು ಹಾಕಿಕೊಂಡರೂ ಅದು ಲೆಕ್ಕಕ್ಕೆ ಬರುತ್ತದೆ. ಮೊದಲ ವಾರಗಳಲ್ಲಿ ಒಮ್ಮೆಗೆ ಎರಡು-ಮೂರು ನಿಮಿಷ ಸಾಕು. ಸಿಸೇರಿಯನ್ ಹೊಲಿಗೆಯ ನೋವಿದ್ದರೆ ಈ ಕೆಲಸವನ್ನು ಅಪ್ಪನಿಗೆ ಒಪ್ಪಿಸಿ. ಆಮೇಲೆ ನೆಲದ ಮೇಲೆ ಚಾಪೆ, ಅದರ ಮೇಲೆ ಮಡಚಿದ ದುಪ್ಪಟಿ ಹಾಸಿ. ಮೆತ್ತನೆಯ ಹಾಸಿಗೆಯಲ್ಲಿ ಮಗುವಿಗೆ ಕೈ ಊರಲಾಗದು. ತಲೆ ಎತ್ತಲು ಕಷ್ಟವಾದರೆ ಸಣ್ಣ ಟವೆಲ್ ಸುರುಳಿ ಸುತ್ತಿ ಎದೆಯ ಕೆಳಗೆ, ಕಂಕುಳ ನೇರಕ್ಕೆ ಇಟ್ಟು, ಎರಡೂ ಕೈಗಳನ್ನು ಸುರುಳಿಯ ಮುಂದಕ್ಕೆ ತನ್ನಿ. ನೀವೂ ಎದುರಿಗೆ ಬೋರಲು ಮಲಗಿ ಮುಖ ಮಗುವಿನ ಮುಖದ ಎತ್ತರಕ್ಕೆ ಬರಲಿ. ಯಾವ ಆಟಿಕೆಗಿಂತಲೂ ಮಗುವಿಗೆ ನಿಮ್ಮ ಮುಖವೇ ಇಷ್ಟ.

ನಮ್ಮಲ್ಲಿ ಎರೆಯುವವರು ಚಾಚಿದ ಕಾಲುಗಳ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತೀಡುತ್ತಾರಲ್ಲ, ಅದು ಒಳ್ಳೆಯ ಅಭ್ಯಾಸ. ಆ ಹೊತ್ತನ್ನು ಇನ್ನೂ ಕೆಲವು ನಿಮಿಷ ಹಿಗ್ಗಿಸಿ, ಮಗು ಕಡಿಮೆ ತಿರುಗುವ ಬದಿಯಲ್ಲಿ ಇನ್ನೊಬ್ಬರು ಕುಳಿತು ಮಾತಾಡಿಸಲಿ.

ಇಲ್ಲಿ ಆಗುವ ತಪ್ಪುಗಳು: ಹಾಲು ಕುಡಿಸಿದ ಕೂಡಲೇ ಬೋರಲು ಹಾಕಿ ಕಕ್ಕಿಸುವುದು (ಅರ್ಧ ಗಂಟೆ ಬಿಡಿ), ಅತ್ತಿತೆಂದು ಎರಡು ದಿನದಲ್ಲಿ ಕೈಬಿಡುವುದು (ಅವಧಿ ಕಡಿಮೆ ಮಾಡಿ, ಸಲ ಹೆಚ್ಚಿಸಿ), ಮಗುವನ್ನು ಒಂಟಿಯಾಗಿ ಬಿಟ್ಟು ಒಲೆಯ ಕಡೆ ಹೋಗುವುದು, ಬೋರಲಲ್ಲೇ ನಿದ್ದೆ ಹೋದಾಗ ಹಾಗೇ ಬಿಡುವುದು. ನಿದ್ದೆ ಬಂದರೆ ತಕ್ಷಣ ಅಂಗಾತ ಮಾಡಿ.

ಹಂತ 6: ಎತ್ತಿಕೊಳ್ಳುವುದು, ಹಾಲು ಕುಡಿಸುವುದು

ಎದೆಹಾಲು ಕುಡಿಸುವಾಗ ಬದಿ ತಾನಾಗಿಯೇ ಬದಲಾಗುತ್ತದೆ. ಬಾಟಲಿಯಲ್ಲಿ ಕೊಡುವವರು ಸದಾ ಎಡಗೈಯಲ್ಲೇ ಮಗುವನ್ನು ಹಿಡಿಯುತ್ತಾರೆ, ಒಂದು ಸಲ ಆ ಕೈ, ಮುಂದಿನ ಸಲ ಈ ಕೈ ಎಂದು ರೂಢಿಸಿಕೊಳ್ಳಿ. ಕಾರಿನ ಶಿಶು ಆಸನ, ತೂಗುಕುರ್ಚಿ, ತಳ್ಳುಗಾಡಿಗಳಲ್ಲಿ ತಲೆ ಒಂದೇ ಜಾಗಕ್ಕೆ ಆನಿಕೊಂಡಿರುತ್ತದೆ. ಕಾರಿನಲ್ಲಿ ಹೋಗುವಾಗ ಆಸನ ಬೇಕೇ ಬೇಕು, ಇಳಿದ ಮೇಲೆ ಅದರಲ್ಲೇ ಮಲಗಿಸಿಡುವುದು ಬೇಡ. ಕಟ್ಟಿ ಕೂರಿಸಿದ ಸ್ಥಿತಿಯಲ್ಲಿ ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಇಡಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ತಲೆಗೆ ಎಣ್ಣೆ ಸವರುವುದರಿಂದ ತೊಂದರೆಯಿಲ್ಲ. "ಗುಂಡಗೆ ಮಾಡುತ್ತೇನೆ" ಎಂದು ಅಂಗೈಯಿಂದ ಒತ್ತುವುದು, ಬಿಗಿಯಾಗಿ ಬಟ್ಟೆ ಕಟ್ಟುವುದು ಬೇಡ. ತಲೆಗೆ ಆಕಾರ ಬರುವುದು ಒಳಗಿನ ಬೆಳವಣಿಗೆಯಿಂದ. ಹೊರಗಿನಿಂದ ದಿನಕ್ಕೆ ಹತ್ತು ನಿಮಿಷ ಒತ್ತಿದರೆ ಮಗುವಿಗೆ ನೋವಾಗುತ್ತದೆ, ಆಕಾರ ಬದಲಾಗುವುದಿಲ್ಲ. ಮೊದಲ ವರ್ಷ ದಿನಕ್ಕೆ 400 ಐ.ಯು. ವಿಟಮಿನ್ ಡಿ ಹನಿ ಕೊಡಬೇಕೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ನೀಡುತ್ತದೆ. ಅದರ ಕೊರತೆ ತೀವ್ರವಾದರೆ ತಲೆಬುರುಡೆಯ ಮೂಳೆಯೇ ಮೆದುವಾಗುತ್ತದೆ.

ಹಂತ 7: ಲಸಿಕೆಯ ದಿನಗಳಲ್ಲೇ ಅಳತೆ

6, 10 ಮತ್ತು 14ನೇ ವಾರದ ಲಸಿಕೆಗೆ ಹೇಗೂ ಹೋಗುತ್ತೀರಿ. ಆಗ ತಲೆಯ ಸುತ್ತಳತೆ ಅಳೆದು ತಾಯಿ ಕಾರ್ಡ್‌ನಲ್ಲಿ ಅಥವಾ ಆಸ್ಪತ್ರೆಯ ಪುಸ್ತಕದಲ್ಲಿ ಬರೆಯಲು ಕೇಳಿ. ನೀವು ತೆಗೆದ ಚಿತ್ರವನ್ನೂ ತೋರಿಸಿ. ಚಿತ್ರ ತಿಂಗಳಿಗೊಮ್ಮೆ ಸಾಕು, ದಿನವೂ ನೋಡಿದರೆ ಬದಲಾವಣೆ ಗೊತ್ತಾಗದೆ ಆತಂಕವಷ್ಟೇ ಹೆಚ್ಚುತ್ತದೆ. ಕತ್ತು ನಿಂತು, ಮಗು ತಾನಾಗಿ ಹೊರಳಿ, ಕೂರಲು ಕಲಿತ ಮೇಲೆ ತಲೆ ಹಾಸಿಗೆಗೆ ತಾಗುವ ಹೊತ್ತು ಕಡಿಮೆಯಾಗಿ ಸುಧಾರಣೆ ಕಾಣುತ್ತದೆ. ನ್ಯೂಜಿಲೆಂಡ್‌ನಲ್ಲಿ ಒಂದೇ ಗುಂಪಿನ ಮಕ್ಕಳನ್ನು ಎರಡು ವರ್ಷ ಗಮನಿಸಿದಾಗ ನಾಲ್ಕು ತಿಂಗಳಿಗೆ ಶೇ. 19.7 ಮಕ್ಕಳಲ್ಲಿದ್ದ ತೊಂದರೆ ಎಂಟು ತಿಂಗಳಿಗೆ ಶೇ. 9.2ಕ್ಕೆ, ಎರಡು ವರ್ಷಕ್ಕೆ ಶೇ. 3.3ಕ್ಕೆ ಇಳಿದಿತ್ತು.

ಹಂತ 8: ಹೆಲ್ಮೆಟ್ ಬೇಕೇ?

ಇದು ಮಗುವಿನ ತಲೆಯ ಅಳತೆ ತೆಗೆದು ಮಾಡುವ ಹಗುರ ಗಟ್ಟಿ ಟೊಪ್ಪಿಗೆ. ಉಬ್ಬಿದ ಕಡೆ ತಾಗುತ್ತದೆ, ಚಪ್ಪಟೆ ಕಡೆ ಬೆಳೆಯಲು ಜಾಗ ಬಿಡುತ್ತದೆ. ದಿನಕ್ಕೆ ಸುಮಾರು 23 ಗಂಟೆಯಂತೆ ಹಲವು ತಿಂಗಳು ತೊಡಿಸಬೇಕು.

2014ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಪ್ರಯೋಗದಲ್ಲಿ ಐದಾರು ತಿಂಗಳ 84 ಮಕ್ಕಳಲ್ಲಿ ಅರ್ಧ ಮಂದಿಗೆ ಆರು ತಿಂಗಳು ಹೆಲ್ಮೆಟ್ ತೊಡಿಸಿದರು, ಉಳಿದವರಿಗೆ ಏನೂ ಇಲ್ಲ. ಎರಡು ವರ್ಷಕ್ಕೆ ಪೂರ್ತಿ ಸರಿಹೋದವರು ಹೆಲ್ಮೆಟ್ ಗುಂಪಿನಲ್ಲಿ ಶೇ. 26, ಇನ್ನೊಂದರಲ್ಲಿ ಶೇ. 23. ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಚರ್ಮ ಕೆಂಪಾಗುವುದು, ಬೆವರು, ವಾಸನೆಯಂತಹ ಒಂದಲ್ಲ ಒಂದು ಕಿರಿಕಿರಿಯನ್ನು ಹೆಲ್ಮೆಟ್ ಗುಂಪಿನ ಪೋಷಕರೆಲ್ಲರೂ ಹೇಳಿದ್ದರು. ಆದರೆ ಕತ್ತು ಬಿಗಿತವಿದ್ದ ಮತ್ತು ಅತಿ ತೀವ್ರ ಓರೆಯಿದ್ದ ಮಕ್ಕಳು ಆ ಪ್ರಯೋಗದಲ್ಲಿ ಇರಲಿಲ್ಲ. ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಟನೆಯ 2016ರ ಮಾರ್ಗಸೂಚಿ, ಭಂಗಿ ಬದಲಾವಣೆ ಮತ್ತು ಫಿಸಿಯೋಥೆರಪಿಯ ನಂತರವೂ ಮಧ್ಯಮ ಅಥವಾ ತೀವ್ರ ಓರೆ ಉಳಿದವರಿಗೆ ಹೆಲ್ಮೆಟ್ ಸೂಚಿಸುತ್ತದೆ.

ಎರಡನ್ನೂ ಸೇರಿಸಿ ನಾನು ಹೇಳುವುದು ಇಷ್ಟು. ಸೌಮ್ಯ ಓರೆಗೆ ಹೆಲ್ಮೆಟ್ ಬೇಡ. ಐದು-ಆರು ತಿಂಗಳಿಗೂ ಮುಖ, ಕಿವಿ ಎದ್ದು ಕಾಣುವಷ್ಟು ಓರೆಯಿದ್ದರೆ ಮಾತ್ರ ವಿಚಾರಿಸಿ. ಮಾರುವವರ ಬಳಿ ಹೋಗುವ ಮೊದಲು ಮಕ್ಕಳ ವೈದ್ಯರನ್ನು ಕಾಣಿ. ತಲೆಯ ಎರಡು ಕರ್ಣಗಳ (ಹಣೆಯ ಒಂದು ಬದಿಯಿಂದ ಹಿಂಭಾಗದ ಎದುರು ಬದಿಗೆ ಓರೆಯಾಗಿ ಅಳೆದ ಉದ್ದಗಳ) ವ್ಯತ್ಯಾಸ ಎಷ್ಟು ಮಿ.ಮೀ. ಎಂದು ಬರೆದು ಕೊಡಲು ಕೇಳಿ, ಮುಂದೆ ಹೋಲಿಸಲು ಅದು ಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ 23 ಗಂಟೆ ಇದನ್ನು ತೊಡಿಸುವುದು ಮಗುವಿಗೆಷ್ಟು ಕಷ್ಟ ಎಂಬುದನ್ನೂ ಯೋಚಿಸಿ. ವರ್ಷ ತುಂಬಿದ ಮೇಲೆ ಆರಂಭಿಸಿದರೆ ಸಿಗುವ ಲಾಭ ತೀರ ಅಲ್ಪ.

ಹಂತ 9: ಬೆಳವಣಿಗೆಯ ಮೇಲೆ ಕಣ್ಣಿಡಿ

ಅಮೆರಿಕದ ಸಿಯಾಟಲ್‌ನ ಸಂಶೋಧಕರು ತಲೆ ಓರೆಯಿದ್ದ ಮಕ್ಕಳನ್ನು ಶಿಶುಗಳಾಗಿದ್ದಾಗಿನಿಂದ ಶಾಲೆಯ ವಯಸ್ಸಿನವರೆಗೆ ಗಮನಿಸಿದ್ದಾರೆ. ಶಿಶುಗಳಾಗಿದ್ದಾಗ ಅವರು ವಿಶೇಷವಾಗಿ ಚಲನೆಯ ಕೌಶಲಗಳಲ್ಲಿ ಸ್ವಲ್ಪ ಹಿಂದಿದ್ದರು. 2019ರಲ್ಲಿ ಪ್ರಕಟವಾದ ಶಾಲಾ ವಯಸ್ಸಿನ ಫಲಿತಾಂಶದಲ್ಲಿ, ಸೌಮ್ಯ ಓರೆಯಿದ್ದವರು ಉಳಿದ ಮಕ್ಕಳಂತೆಯೇ ಇದ್ದರು. ಮಧ್ಯಮದಿಂದ ತೀವ್ರ ಓರೆಯಿದ್ದವರ ಸರಾಸರಿ ಅಂಕಗಳು ತುಸು ಕಡಿಮೆಯಿದ್ದವು.

ಇದನ್ನು ಓದಿ ಹೆದರಬೇಡಿ, ಕಾರಣವನ್ನು ತಿರುವಿ ನೋಡಿ. ಸ್ನಾಯುಗಳಲ್ಲಿ ಬಿಗುವು ಕಡಿಮೆಯಿರುವ, ಚಟುವಟಿಕೆ ಕಡಿಮೆಯಿರುವ ಮಗು ಹೆಚ್ಚು ಹೊತ್ತು ಒಂದೇ ಭಂಗಿಯಲ್ಲಿ ಮಲಗಿರುತ್ತದೆ, ಅದರಿಂದಲೇ ತಲೆ ಚಪ್ಪಟೆಯಾಗುತ್ತದೆ. ಅಂದರೆ ಅಲ್ಲಿ ಚಪ್ಪಟೆ ತಲೆ ಒಂದು ಸುಳಿವು. ತಲೆಯನ್ನು ದುಂಡಗೆ ಮಾಡಿದರೆ ಆ ಮಗುವಿಗೆ ಸಹಾಯವಾಗುವುದಿಲ್ಲ, ಬೆಳವಣಿಗೆಯ ಪರೀಕ್ಷೆ ಮತ್ತು ತರಬೇತಿಯಿಂದ ಆಗುತ್ತದೆ.

ಹಾಗಾಗಿ ಇವನ್ನು ಗಮನಿಸಿ: ನಾಲ್ಕು ತಿಂಗಳು ಮುಗಿದರೂ ಕತ್ತು ನಿಂತಿಲ್ಲ, ಆರೇಳು ತಿಂಗಳಾದರೂ ಹೊರಳುವುದಿಲ್ಲ, ಒಂಬತ್ತು ತಿಂಗಳು ದಾಟಿದರೂ ಆಧಾರವಿಲ್ಲದೆ ಕೂರುವುದಿಲ್ಲ, ಒಂದು ಕೈಯನ್ನು ಮಾತ್ರ ಬಳಸುತ್ತದೆ, ಎತ್ತಿಕೊಂಡರೆ ಮೈ ಜೋತುಬೀಳುತ್ತದೆ ಅಥವಾ ಸೆಟೆದುಕೊಳ್ಳುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಈ ತಿಂಗಳುಗಳನ್ನು ನಿರೀಕ್ಷಿತ ಹೆರಿಗೆ ದಿನಾಂಕದಿಂದ ಎಣಿಸಿ. ಇಂತಹದ್ದೇನಾದರೂ ಕಂಡರೆ ಮಕ್ಕಳ ವೈದ್ಯರಿಗೆ ತಿಳಿಸಿ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಬೆಳವಣಿಗೆ ತಡವಾದ ಮಕ್ಕಳಿಗೆ ಉಚಿತ ತಪಾಸಣೆ, ಫಿಸಿಯೋಥೆರಪಿ ನೀಡುವ ಕೇಂದ್ರಗಳು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿವೆ. "ಡಿಇಐಸಿ" ಎಂದು ಕೇಳಿದರೆ ತೋರಿಸುತ್ತಾರೆ. ಆಶಾ ಕಾರ್ಯಕರ್ತೆಗೂ, ಅಂಗನವಾಡಿಯಲ್ಲೂ ವಿಚಾರಿಸಬಹುದು.

ಎರಡು ವರ್ಷ ದಾಟಿದ ಮಗುವಿನ ತಲೆ ಇನ್ನೂ ತುಸು ಚಪ್ಪಟೆಯಿದ್ದರೆ ಏನು ಮಾಡುವುದು ಎಂದೂ ಕೇಳುತ್ತೀರಿ. ಆ ವಯಸ್ಸಿನಲ್ಲಿ ಆಕಾರ ಬದಲಿಸುವ ವ್ಯಾಯಾಮವಾಗಲಿ ಹೆಲ್ಮೆಟ್ ಆಗಲಿ ಇಲ್ಲ. ಸ್ವಲ್ಪ ಓರೆ ಹೆಚ್ಚಿನವರಲ್ಲಿ ಕೂದಲಿನಡಿ ಮರೆಯಾಗುತ್ತದೆ. ಮಗು ನಡೆಯುತ್ತ, ಮಾತಾಡುತ್ತ, ತನ್ನ ವಯಸ್ಸಿನವರೊಂದಿಗೆ ಆಡುತ್ತಿದ್ದರೆ ಯಾವ ಚಿಕಿತ್ಸೆಯೂ ಬೇಕಿಲ್ಲ.